ವಿಂಡೋಸ್, ಲಿನಕ್ಸ್, ಮ್ಯಾಕ್ ಒಂದೇ ಅಂಗಡಿಯಲ್ಲಿ: ಫೈಲ್ ಹಂಚಿಡಬೇಕೆ, ಕಳಿಸಬೇಕೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಡಿಟಿಪಿ ಅಂಗಡಿ ಎಂದಿಟ್ಟುಕೊಳ್ಳಿ. ಟೈಪಿಂಗ್‌ಗೆ ಎರಡು ವಿಂಡೋಸ್, ಡಿಸೈನ್‌ಗೆ ಒಂದು ಮ್ಯಾಕ್, ಮೂಲೆಯಲ್ಲಿ ಎಲ್ಲರ ಫೈಲು ಹೊತ್ತ ಉಬುಂಟು (ಲಿನಕ್ಸ್‌ನ ಒಂದು ಬಗೆ) ಯಂತ್ರ; ಬೀದರ್‌ನಲ್ಲಿ ಒಂದು ಶಾಖೆ. ಇಲ್ಲಿ ಮೊದಲು ನೋಡಬೇಕಾದ್ದು ಯಂತ್ರದ ಜಾತಿಯನ್ನಲ್ಲ, ಫೈಲಿನ ಸ್ಥಿತಿಯನ್ನು. ದಿನಕ್ಕೆ ಹತ್ತು ಸಲ ತಿದ್ದುವ ದರಪಟ್ಟಿ, ಆರ್ಡರ್ ಲೆಕ್ಕ ಇವಕ್ಕೆ ಒಂದೇ ಮನೆ ಇರಬೇಕು, ಹಾಗಾಗಿ ಹಂಚಿಕೆ. ಶರಣಬಸವೇಶ್ವರ ಜಾತ್ರೆಯ ಪೋಸ್ಟರೋ ಬಂದೇ ನವಾಜ್ ಉರುಸಿನ ಬ್ಯಾನರೋ ಮುಗಿದು ಪ್ರಿಂಟಿಗೆ ಹೊರಟಿದ್ದರೆ ವರ್ಗಾವಣೆ. ತಿದ್ದುವ ಫೈಲನ್ನು ಕಳಿಸುತ್ತ ಹೋದರೆ 'ಫೈನಲ್', 'ಫೈನಲ್ 2', 'ಖರೇ ಫೈನಲ್' ಎಂದು ಮೂರು ಹುಟ್ಟುತ್ತವೆ.

ಹಂಚಿಕೆಗೆ ಎಸ್‌ಎಂಬಿ (ಜಾಲದಲ್ಲಿ ಫೋಲ್ಡರ್ ಹಂಚುವ ವಿಧಾನ) ಸಾಕು. ಮೂರೂ ವ್ಯವಸ್ಥೆಗೆ ಅದು ಬರುತ್ತದೆ. ಅದೇ ಕೆಲಸದ ಇನ್ನೊಂದು ವಿಧಾನ ಎನ್‌ಎಫ್‌ಎಸ್ ಅನ್ನು ಲಿನಕ್ಸ್‌ಗಳ ನಡುವೆ ಮಾತ್ರ ಇಟ್ಟುಕೊಳ್ಳಿ: ವಿಂಡೋಸ್ ಹೋಮ್‌ನಲ್ಲಿ ಅದಕ್ಕೆ ಸೇರಿಕೊಳ್ಳುವ ತಂತ್ರಾಂಶ (ಕ್ಲೈಂಟ್) ಇಲ್ಲ. ಸಾಮಾನ್ಯ ಎನ್‌ಎಫ್‌ಎಸ್ ಬಳಕೆದಾರನನ್ನು ಗುರುತಿಸುವುದೂ ಹೆಸರಿನಿಂದಲ್ಲ, ಅಂಕಿಯಿಂದ. ಒಂದು ಯಂತ್ರದಲ್ಲಿ 1000 ಆದವನು ಇನ್ನೊಂದರಲ್ಲಿ 1001 ಆಗಿದ್ದರೆ ತನ್ನ ಫೈಲನ್ನೇ ತಿದ್ದಲಾಗದು.

ಉಬುಂಟುವಿನಲ್ಲಿ ಸಾಂಬಾ (ಲಿನಕ್ಸ್‌ಗೆ ಎಸ್‌ಎಂಬಿ ಕಲಿಸುವ ತಂತ್ರಾಂಶ) ಹಾಕಿ, ಒಂದು ಗುಂಪು ಮಾಡಿ, ಹಂಚುವ ಫೋಲ್ಡರನ್ನು ಆ ಗುಂಪಿಗೆ ಕೊಟ್ಟು ಅನುಮತಿ 2770 ಮಾಡಿ (ಗುಂಪಿನವರು ಓದಿ ತಿದ್ದಬಹುದು, ಹೊರಗಿನವರಿಗಿಲ್ಲ; ಮೊದಲ 2ರಿಂದ ಒಳಗಿನ ಹೊಸ ಫೈಲೂ ಅದೇ ಗುಂಪಿನದಾಗುತ್ತದೆ). ಸಾಂಬಾ ಸೆಟ್ಟಿಂಗ್‌ನಲ್ಲಿ ಹೊಸ ಫೈಲಿಗೆ 0660, ಹೊಸ ಫೋಲ್ಡರಿಗೆ 2770. ಇದನ್ನು ಬಿಟ್ಟರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಓದಲಷ್ಟೇ ಸಿಗುತ್ತದೆ. ಸಾಂಬಾ ಪಾಸ್‌ವರ್ಡ್ ಉಬುಂಟು ಪಾಸ್‌ವರ್ಡ್‌ಗಿಂತ ಬೇರೆ, ಪ್ರತ್ಯೇಕವಾಗಿ ಹಾಕಬೇಕು. ಫೈರ್‌ವಾಲ್‌ನಲ್ಲಿ ಸಾಂಬಾಕ್ಕೆ ದಾರಿ ಬಿಡಿ, ರೌಟರ್‌ನಲ್ಲಿ ಆ ಯಂತ್ರಕ್ಕೆ 192.168.1.10ರಂಥ ಒಂದು ವಿಳಾಸವನ್ನು ಕಾಯ್ದಿರಿಸಿ. ವಿಳಾಸ ಬದಲಾಗುತ್ತಿದ್ದರೆ 'ನಿನ್ನೆ ಬರ್ತಿತ್ತು, ಇವತ್ತು ಇಲ್ಲ' ಎಂಬ ದೂರು ತಪ್ಪದು.

ವಿಂಡೋಸ್ ಯಂತ್ರವೇ ಫೈಲು ಹಂಚುವುದಾದರೆ ಮೂರು ಕಡೆ ಸಿಕ್ಕಿಕೊಳ್ಳುತ್ತದೆ. ನೆಟ್‌ವರ್ಕ್ 'ಪಬ್ಲಿಕ್' ಆಗಿದ್ದರೆ ಹಂಚಿಕೆ ಮುಚ್ಚಿರುತ್ತದೆ, 'ಪ್ರೈವೇಟ್' ಮಾಡಿ. ಲಾಗಿನ್ ಪಿನ್ ಜಾಲದಲ್ಲಿ ನಡೆಯದು, ಪಾಸ್‌ವರ್ಡ್ ಬೇಕು. ಖಾಲಿ ಪಾಸ್‌ವರ್ಡೂ ನಡೆಯದು. ಹಳೆಯ ಸ್ಕ್ಯಾನರ್ ಅಥವಾ ಜೆರಾಕ್ಸ್ ಯಂತ್ರ ಎಸ್‌ಎಂಬಿ 1 ಮಾತ್ರ ಬಲ್ಲದಾದರೆ ಇಂದಿನ ವಿಂಡೋಸ್ ಅದಕ್ಕೆ ಬಾಗಿಲು ತೆರೆಯದು. 2017ರಲ್ಲಿ ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳಿದ ವನ್ನಾಕ್ರೈ ವೈರಸ್ ಹರಡಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ಸ್ಕ್ಯಾನರ್‌ಗೋಸ್ಕರ ಅದನ್ನು ಮತ್ತೆ ತೆರೆಯುವ ಬದಲು ಸ್ಕ್ಯಾನನ್ನು ಯುಎಸ್‌ಬಿಗೆ ಉಳಿಸಿ.

ಇನ್ನೊಂದು ಸೂಕ್ಷ್ಮ. ಉಬುಂಟು ಮುಂದೆ ಕೂತವರು ಫೋಲ್ಡರನ್ನು ನೇರ ಡಿಸ್ಕ್‌ನಿಂದ ತೆರೆದರೆ, ಅದೇ ಫೈಲನ್ನು ವಿಂಡೋಸ್‌ನವರು ತೆರೆದಿರುವುದು ಅವರಿಗೆ ತಿಳಿಯದೇ ಹೋಗಬಹುದು. ಕೊನೆಗೆ ಸೇವ್ ಮಾಡಿದವರದ್ದೇ ಉಳಿಯುತ್ತದೆ. ಅವರೂ ಹಂಚಿಕೆಯ ಮೂಲಕವೇ ಬರಲಿ.

ವೇಗದ ಲೆಕ್ಕ ಸರಳ. 100 ಎಂಬಿಪಿಎಸ್ ಸ್ವಿಚ್‌ನಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ, 10 ಜಿಬಿಗೆ ಕಾಲು ಗಂಟೆ. ಗಿಗಾಬಿಟ್ ಆದರೆ, ಡಿಸ್ಕ್ ಅಡ್ಡಬರದಿದ್ದರೆ, ಒಂದೂವರೆ ನಿಮಿಷ. ಗಿಗಾಬಿಟ್ ಸ್ವಿಚ್ ಇದ್ದೂ 11 ಎಂಬಿ ದಾಟದಿದ್ದರೆ ಕೇಬಲ್ ನೋಡಿ: ಎಂಟು ತಂತಿಗಳಲ್ಲಿ ಒಂದು ಕಡಿದರೂ ಸಂಪರ್ಕ 100ಕ್ಕೆ ಇಳಿಯಬಹುದು.

ಬೀದರ್ ಶಾಖೆಗೆ ಹಂಚಿಕೆ ಬೇಡ. ಎಸ್‌ಎಂಬಿ ಬಳಸುವ ಬಾಗಿಲು ಪೋರ್ಟ್ 445 ಅನ್ನು ಇಂಟರ್‌ನೆಟ್‌ಗೆ ತೆರೆಯಲೇಬೇಡಿ. ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದ ಮೇಲೆ ಸಾಗುವ ಫೈಲ್ ಕಳಿಸುವ ವಿಧಾನ ಎಸ್‌ಎಫ್‌ಟಿಪಿ ಬಳಸಿ. ಸಾರ್ವಜನಿಕ ಐಪಿ ಇಲ್ಲದ ಸಂಪರ್ಕವಾದರೆ ಟೈಲ್‌ಸ್ಕೇಲ್‌ನಂಥ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಜಾಲ) ಒಳಗೆ ಅದನ್ನೇ ನಡೆಸಿ. ಬೇಸಿಗೆಯಲ್ಲಿ ಕರೆಂಟ್ ನಡುವೆಯೇ ಹೋಗುತ್ತದೆ. ವಿಂಡೋಸ್‌ನಲ್ಲಿ ಎಸ್‌ಎಫ್‌ಟಿಪಿ ನಡೆಸುವ ವಿನ್‌ಎಸ್‌ಸಿಪಿ ದೊಡ್ಡ ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಪೂರ್ತಿಯಾದ ಮೇಲಷ್ಟೇ ಅಸಲಿ ಹೆಸರು ಕೊಡುತ್ತದೆ. ಅರ್ಧ ಬಂದದ್ದು ಪ್ರಿಂಟಿಗೆ ಹೋಗದು, ನಿಂತಲ್ಲಿಂದ ಮುಂದುವರಿಯಲೂಬಹುದು. ಸಾದಾ ಕಾಪಿ-ಪೇಸ್ಟ್‌ಗೆ ಈ ನೆನಪಿಲ್ಲ. ಅಂದಹಾಗೆ ಯುಪಿಎಸ್‌ಗೆ ಕಂಪ್ಯೂಟರ್ ಜೊತೆ ಸ್ವಿಚ್, ರೌಟರನ್ನೂ ಜೋಡಿಸಿ. ಪೆನ್‌ಡ್ರೈವ್‌ನಲ್ಲಿ ಒಯ್ಯುವುದಾದರೆ ಎಕ್ಸ್‌ಫ್ಯಾಟ್ ಮಾಡಿ, ಫ್ಯಾಟ್32ರಲ್ಲಿ 4 ಜಿಬಿಯ ಫೈಲ್ ಕೂರದು.

ಕನ್ನಡದವರಿಗೇ ವಿಶೇಷವಾಗಿ ಕಾಡುವುದು ಫೈಲಿನ ಹೆಸರು. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಯುನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತ. 'ಕ್ಷ' ಒಂದೇ ಮೂರು ಸಂಕೇತ (ಕ, ವಿರಾಮ ಚಿಹ್ನೆ '್', ಷ) ನುಂಗುತ್ತದೆ. ಉರ್ದುವಿಗೆ ಸಾಮಾನ್ಯವಾಗಿ 2 ಬೈಟ್. ವಿಂಡೋಸ್‌ನಲ್ಲಿ ಸಲೀಸಾಗಿ ಕೂತ ಉದ್ದ ಹೆಸರು ಉಬುಂಟುವಿಗೆ ಹೋಗದಿರುವುದು ಇದಕ್ಕೇ. ಹಳೆಯ ಮ್ಯಾಕ್ ಡಿಸ್ಕ್ ವಿಧಾನ 'ೀ', 'ೇ', 'ೊ', 'ೋ' ಸ್ವರಚಿಹ್ನೆಗಳನ್ನು ಬಿಡಿಸಿ ಉಳಿಸುತ್ತದೆ: ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು. ಹಾಗಾಗಿ ಬದಲಾದದ್ದನ್ನಷ್ಟೇ ನಕಲಿಸುವ ಆರ್‌ಸಿಂಕ್ ತಂತ್ರಾಂಶ ಅದೇ ಫೈಲನ್ನು ಮತ್ತೊಮ್ಮೆ ಕಳಿಸುತ್ತದೆ. ಫೋಲ್ಡರಿಗೆ ಕನ್ನಡ ಇರಲಿ, ಫೈಲಿಗೆ ದಿನಾಂಕ ಮತ್ತು ಆರ್ಡರ್ ಸಂಖ್ಯೆ ಸಾಕು.

ಹಳೆಯ ನುಡಿ ಫಾಂಟ್‌ನ ಕಡತ ಆಚೆ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ವರ್ಗಾವಣೆಯನ್ನು ದೂರಬೇಡಿ, ಅಲ್ಲಿ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಅಡಕಮಾಡಿದ ಪಿಡಿಎಫ್ ಕಳಿಸಿ. ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯಲು ಎರಡೂ ಕಡೆ ಶಾ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ.

ರಾತ್ರಿಯ ಬ್ಯಾಕಪ್‌ಗೆ ಆರ್‌ಸಿಂಕ್ ಒಳ್ಳೆಯದು, ಆದರೆ 'ಡಿಲೀಟ್' (ಮೂಲದಲ್ಲಿಲ್ಲದ್ದನ್ನು ಗುರಿಯಲ್ಲೂ ಅಳಿಸುವ) ಆಯ್ಕೆ ಹಾಕುವ ಮುನ್ನ ಒಮ್ಮೆ 'ಡ್ರೈ ರನ್' (ಏನೂ ಬದಲಿಸದೆ ಏನಾಗುತ್ತದೆಂದು ತೋರಿಸುವ ಪರೀಕ್ಷೆ) ಮಾಡಿ ನೋಡಿ. ಮೂಲ ಮತ್ತು ಗುರಿ ಅದಲುಬದಲಾದರೆ, ಇಡೀ ದಿನದ ಕೆಲಸ ಅಳಿಸಿ ನಿನ್ನೆಯದನ್ನು ತಂದು ಕೂರಿಸುತ್ತದೆ.