ಮನೆಯ ಕಂಪ್ಯೂಟರಿಗೆ ನಾನು ಹಾಕಿಕೊಂಡ ರಕ್ಷಣೆಯ ಪದರಗಳು

ಯಾವ ಆ್ಯಂಟಿವೈರಸ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಮನೆಯ ವಿಂಡೋಸ್ ಕಂಪ್ಯೂಟರಿಗೆ ರಕ್ಷಣೆ ಆರಿಸಲು ಕೂತಾಗ ನಾನು ಕೇಳಿಕೊಂಡದ್ದು ಬೇರೆ: ಇದು ಕೈಕೊಟ್ಟರೆ ಮುಂದೆ ತಡೆಯುವುದು ಯಾವುದು? ಇದ್ದ ಪದರದ ಕೆಲಸವನ್ನೇ ಮಾಡುವ ಇನ್ನೊಂದನ್ನು ಸೇರಿಸಲಿಲ್ಲ.

ಆದ್ದರಿಂದ ಆ್ಯಂಟಿವೈರಸ್ ಒಂದೇ. ವಿಂಡೋಸ್ ಜೊತೆಗೇ ಬರುವ ಡಿಫೆಂಡರನ್ನು ಉಳಿಸಿಕೊಂಡೆ. ಸದಾ ಕಾವಲಿರುವ ಎರಡು ಆ್ಯಂಟಿವೈರಸ್ ಇದ್ದರೆ ತೆರೆದ ಪ್ರತಿ ಫೈಲನ್ನೂ ಎರಡೂ ತಡೆದು ನೋಡುತ್ತವೆ. ಯಂತ್ರ ಎಳೆದಾಡುತ್ತದೆ, ಒಂದನ್ನೊಂದು ಅನುಮಾನಿಸುವುದೂ ಉಂಟು. ಬೇರೆ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದು ಇಂಥ ತಿಕ್ಕಾಟ ತಪ್ಪಿಸಲೆಂದೇ. ಅನುಮಾನ ಬಂದಾಗ ಇನ್ನೊಮ್ಮೆ ನೋಡಲು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಇಟ್ಟಿದ್ದೇನೆ. ನಾವು ಹೇಳಿದಾಗ ಮಾತ್ರ ಅದು ಸ್ಕ್ಯಾನ್ ಮಾಡುತ್ತದೆ. ಡಿಫೆಂಡರ್ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಪರೀಕ್ಷಾ ಫೈಲ್ ಇಳಿಸಿ ನೋಡಿದೆ. 68 ಅಕ್ಷರಗಳ ಅಪಾಯವಿಲ್ಲದ ಪಠ್ಯ ಅದು, ಪರೀಕ್ಷೆಗೆಂದೇ ಆ್ಯಂಟಿವೈರಸ್‌ಗಳು ಅದನ್ನು ವೈರಸ್ ಎಂದು ಹಿಡಿಯುತ್ತವೆ. ಡಿಫೆಂಡರೂ ಹಿಡಿಯಿತು.

ದುಡ್ಡೇ ಬೇಡದ, ಹೆಚ್ಚಿನವರು ಬಿಟ್ಟುಬಿಡುವ ಪದರ ಸ್ಟ್ಯಾಂಡರ್ಡ್ ಖಾತೆ, ಅಂದರೆ ಸಿಸ್ಟಮ್ ಬದಲಿಸುವ ಅಧಿಕಾರವಿಲ್ಲದ ವಿಂಡೋಸ್ ಖಾತೆ. ದಿನದ ಕೆಲಸವೆಲ್ಲ ಅದರಲ್ಲೇ ಮಾಡುತ್ತೇನೆ. ಆ ಅಧಿಕಾರವಿರುವ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬೇರೆ. ಹೊಸ ಪ್ರೋಗ್ರಾಂ ಸಿಸ್ಟಮ್ಮಿಗೆ ಕೈ ಹಾಕಬೇಕಾದರೆ ಆ ಪಾಸ್‌ವರ್ಡ್ ಕೇಳಲೇಬೇಕು. ನಾನು ಏನೂ ಇನ್‌ಸ್ಟಾಲ್ ಮಾಡುತ್ತಿಲ್ಲದಾಗ ಆ ಕಿಟಕಿ ಎದ್ದು ಬಂದರೆ ಅಲ್ಲೇ ನಿಲ್ಲಿಸುತ್ತೇನೆ.

ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಇದೆ, ಅದಕ್ಕಾಗಿಯೇ ಫೈರ್‌ಫಾಕ್ಸ್ ಬಳಸುತ್ತೇನೆ. ನಕಲಿ ಡೌನ್‌ಲೋಡ್ ಬಟನ್ನುಗಳು ಜಾಹೀರಾತಿನ ವೇಷದಲ್ಲೇ ಬರುವುದರಿಂದ ಇದನ್ನೂ ರಕ್ಷಣೆಯೆಂದೇ ಎಣಿಸುತ್ತೇನೆ. ಅಪ್‌ಡೇಟ್ ಮುಂದೂಡುವುದಿಲ್ಲ. ವಾನಾಕ್ರೈ ಎಂಬ ದಾಳಿಕೋರ ಪ್ರೋಗ್ರಾಂ ಹರಡಿದ್ದು 2017ರ ಮೇ ತಿಂಗಳಲ್ಲಿ. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು.

ಇಷ್ಟನ್ನೂ ದಾಟಿ, ವಾನಾಕ್ರೈಯಂತೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಒಳಗೆ ಬಂದರೆ? ಸ್ಟ್ಯಾಂಡರ್ಡ್ ಖಾತೆ ಇಲ್ಲಿ ಸಾಲದು, ಏಕೆಂದರೆ ನನ್ನ ಫೋಟೋ, ಕಾಗದಪತ್ರ ಕೆಡಿಸಲು ಅಡ್ಮಿನ್ ಅಧಿಕಾರವೇ ಬೇಕಿಲ್ಲ. ಅದಕ್ಕೆ ವಿಂಡೋಸ್ ಸೆಕ್ಯೂರಿಟಿಯಲ್ಲಿ, ನಂಬಿಕೆಯ ಪ್ರೋಗ್ರಾಂಗಳನ್ನು ಬಿಟ್ಟು ಬೇರಾವುದೂ ಮುಖ್ಯ ಫೋಲ್ಡರುಗಳ ಫೈಲನ್ನು ಬದಲಿಸದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿದೆ. ತಾನಾಗಿ ಅದು ಆನ್ ಇರುವುದಿಲ್ಲ, ಡಿಫೆಂಡರ್ ಕಾವಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಡಿಫೆಂಡರನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ. ಮೊದಮೊದಲು ಒಳ್ಳೆಯ ಪ್ರೋಗ್ರಾಂಗಳನ್ನೂ ತಡೆಯುತ್ತದೆ. ಸಿಟ್ಟಿನಲ್ಲಿ ಆಫ್ ಮಾಡಿಬಿಡಬೇಡಿ, ಆ ಪ್ರೋಗ್ರಾಂ ಒಂದಕ್ಕೆ ಮಾತ್ರ ಅನುಮತಿ ಕೊಡಿ.

ಕೊನೆಯ ಪದರ ಬ್ಯಾಕಪ್. ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮುಗಿದ ಕೂಡಲೇ ಕೇಬಲ್ ತೆಗೆಯುತ್ತೇನೆ. ಸಿಕ್ಕಿಸಿಯೇ ಇಟ್ಟ ಡಿಸ್ಕನ್ನೂ ರ್‍ಯಾನ್ಸಮ್‌ವೇರ್ ಬಿಡುವುದಿಲ್ಲ. ಕ್ಲೌಡ್ ಸಿಂಕ್ ಒಂದನ್ನೇ ನಂಬಿಲ್ಲ, ಇಲ್ಲಿ ಕೆಟ್ಟ ಫೈಲ್ ಅಲ್ಲಿಗೂ ಹೋಗುತ್ತದೆ. ಆಗಾಗ ಬ್ಯಾಕಪ್ಪಿನಿಂದ ಕೆಲವು ಫೈಲುಗಳನ್ನು ಬೇರೆ ಫೋಲ್ಡರಿಗೆ ಮರಳಿ ತಂದು ತೆರೆದು ನೋಡುತ್ತೇನೆ.

ವಿಂಡೋಸ್ ಸೆಟ್ಟಿಂಗುಗಳ ದಾಖಲೆ ಶುಚಿ ಮಾಡುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರ್, ವೇಗ ಹೆಚ್ಚಿಸುತ್ತೇವೆನ್ನುವ ಬೂಸ್ಟರ್‌ಗಳನ್ನು ಹತ್ತಿರವೇ ಸೇರಿಸಲಿಲ್ಲ. ಬೇಡದ ನೆಟ್‌ವರ್ಕ್ ಸಂಪರ್ಕ ತಡೆಯುವ ಫೈರ್‌ವಾಲ್ ವಿಂಡೋಸ್‌ನದೇ ಸಾಕಾಯಿತು. ವಿಪಿಎನ್ ಇಂಟರ್ನೆಟ್ ಸಂಚಾರವನ್ನು ದಾರಿಯಲ್ಲಿರುವವರಿಂದ ಮರೆಮಾಡುತ್ತದೆ, ನಾನೇ ಇಳಿಸಿಕೊಂಡ ವೈರಸ್ಸನ್ನು ಅದೊಂದೇ ತಡೆಯಲಾರದು. ಅದಕ್ಕೇ ಈ ಪಟ್ಟಿಯಿಂದ ಹೊರಗಿಟ್ಟೆ.