ವಖಾರಿಯ ಕಂಪ್ಯೂಟರಿನಲ್ಲಿ ಸುಳ್ಳು ಹೆಸರಿನ ಫೈಲ್

ಆಷಾಢದ ಒಂದು ಬೆಳಿಗ್ಗೆ ಶಿರಸಿಯ ಅಡಿಕೆ ವಖಾರಿಯೊಂದರ ಗುಮಾಸ್ತರು ಫೋನ್ ಮಾಡಿದರು. ಲೆಕ್ಕದ ಕಂಪ್ಯೂಟರ್ ಎರಡು ದಿನದಿಂದ ತೆವಳುತ್ತಿದೆಯಂತೆ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ‘ಎಸ್‌ವಿಸಿಹೋಸ್ಟ್’ ಎಂಬ ಒಂದೇ ಹೆಸರು ಪುಟದ ತುಂಬ ಇದೆಯಂತೆ. “ಇದೇ ವೈರಸ್ ಇರಬೇಕು, ಎಲ್ಲವನ್ನೂ ಅಳಿಸಿಬಿಡಲೇ?” ಎಂದು ಕೇಳಿದರು. ಏನನ್ನೂ ಮುಟ್ಟಬೇಡಿ, ಬರುತ್ತೇನೆ ಎಂದೆ.

ಅಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. 2002ರಲ್ಲಿ ನಾನು ಕಾರವಾರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೆ. ಆಗ ಒಂದು ಇಮೇಲ್ ಎಲ್ಲರ ಕೈ ದಾಟಿ ನಮಗೂ ಬಂದಿತ್ತು: ನಿಮ್ಮ ಯಂತ್ರದಲ್ಲಿ ಪುಟ್ಟ ಕರಡಿಯ ಚಿತ್ರವಿರುವ ಫೈಲ್ ಇದ್ದರೆ ಅದು ವೈರಸ್, ಆಂಟಿವೈರಸ್‌ಗೂ ಸಿಗುವುದಿಲ್ಲ, ತಕ್ಷಣ ಅಳಿಸಿ, ಪರಿಚಿತರಿಗೆಲ್ಲ ತಿಳಿಸಿ ಎಂದು. ಹುಡುಕಿದೆವು, ಕರಡಿ ಇತ್ತು, ಅಳಿಸಿದೆವು, ಪರಿಚಿತರಿಗೆಲ್ಲ ಕಳಿಸಿಯೂ ಬಿಟ್ಟೆವು. ಅದು ಜಾವಾ ಪ್ರೋಗ್ರಾಮುಗಳ ದೋಷ ಹುಡುಕಲು ಮೈಕ್ರೋಸಾಫ್ಟ್ ತಾನೇ ಇಟ್ಟಿದ್ದ ಫೈಲ್. ಆಂಟಿವೈರಸ್‌ಗೆ ಸಿಗದಿದ್ದದ್ದು ಅದು ವೈರಸ್ ಅಲ್ಲದ ಕಾರಣಕ್ಕೆ. ಸುಳ್ಳು ಸುದ್ದಿಯನ್ನು ನನ್ನ ಕೈಯಾರೆ ಹತ್ತಾರು ಜನರಿಗೆ ಮುಟ್ಟಿಸಿದ್ದೆ ಎಂಬುದು ಈಗಲೂ ನೋಯಿಸುತ್ತದೆ.

ವಖಾರಿಗೆ ಹೋದಾಗ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಎಸ್‌ವಿಸಿಹೋಸ್ಟ್ ವಿಷಯ ಬೇಗ ಮುಗಿಯಿತು. ವಿಂಡೋಸ್‌ನ ಹಿನ್ನೆಲೆ ಸೇವೆಗಳನ್ನು ನಡೆಸುವ ಪ್ರೋಗ್ರಾಂ ಅದು. 2017ರ ವಿಂಡೋಸ್ 10 ಅಪ್‌ಡೇಟ್‌ನಿಂದೀಚೆಗೆ, ಮೂರೂವರೆ ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಗಳಲ್ಲಿ ಹೆಚ್ಚಿನ ಸೇವೆಗಳು ಬೇರೆ ಬೇರೆಯಾಗಿ ಓಡುತ್ತವೆ. ಹಾಗಾಗಿ ಅದು ಹತ್ತಾರು ಸಾಲುಗಳಲ್ಲಿ ಕಾಣುವುದು ಸಹಜ.

ನನ್ನ ಕಣ್ಣು ನಿಂತದ್ದು ಬೇರೆಡೆ. ಡಿಟೇಲ್ಸ್ ಪುಟದಲ್ಲಿ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದ್ದೆ. ‘ಎಲ್‌ಸಾಸ್’ ವಿಂಡೋಸ್‌ನ ನಿಜವಾದ ಫೈಲ್, ಲಾಗಿನ್ ಮತ್ತು ಪಾಸ್‌ವರ್ಡ್ ಪರಿಶೀಲನೆ ಅದರ ಕೆಲಸ. ಅದು ‘ಎಲ್’ ಸಾಲಿನಲ್ಲಿ ಸರಿಯಾಗಿಯೇ ಇತ್ತು. ಆದರೆ ಅದೇ ಹೆಸರು ಮೇಲೆ, ಇಂಟೆಲ್ ಗ್ರಾಫಿಕ್ಸ್‌ನ ಫೈಲಿನ ಕೆಳಗೆ ಇನ್ನೊಮ್ಮೆ ಇತ್ತು. ಅದು ‘ಐ’ ಅಕ್ಷರದ ಜಾಗ. ಆ ಹೆಸರನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ಗುಮಾಸ್ತರಿಗೆ ತೋರಿಸಿದೆ. ಟಾಸ್ಕ್ ಮ್ಯಾನೇಜರಿನ ಅಕ್ಷರಶೈಲಿಯಲ್ಲಿ ದೊಡ್ಡ ‘ಐ’ ಮತ್ತು ಸಣ್ಣ ‘ಎಲ್’ ಎರಡೂ ಬರಿಯ ನೆಟ್ಟ ಗೆರೆಗಳು. ನೋಟ್‌ಪ್ಯಾಡ್‌ನಲ್ಲಿ ‘ಐ’ಗೆ ಮೇಲೂ ಕೆಳಗೂ ಅಡ್ಡ ಪಟ್ಟಿ ಬಂದು ಗುಟ್ಟು ರಟ್ಟಾಯಿತು.

ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. “ಚೀಲದ ಮೇಲೆ ರಾಶಿ ಅಡಿಕೆ ಎಂದು ಬರೆದವರು ಒಳಗೆ ಬೆಟ್ಟೆ ಅಡಿಕೆ ತುಂಬಿದ ಹಾಗಾಯಿತಲ್ಲ,” ಎಂದರು.

ಹೆಸರು ಸುಳ್ಳಾದರೆ ಜಾಗ ನೋಡಬೇಕು. ಆ ಸಾಲಿನ ಮೇಲೆ ಬಲಗಡೆಯ ಗುಂಡಿ ಒತ್ತಿ ಫೈಲ್ ಇರುವ ಜಾಗ ತೆರೆದೆ. ನಿಜವಾದ ಎಲ್‌ಸಾಸ್ ವಿಂಡೋಸ್ ಫೋಲ್ಡರಿನ ‘ಸಿಸ್ಟಮ್32’ ಒಳಗಿರುತ್ತದೆ, ಸಿಸ್ಟಮ್ ಎಂಬ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಇದು ಗುಮಾಸ್ತರ ಸ್ವಂತ ಖಾತೆಯ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಕುಳಿತು ಅವರದೇ ಹೆಸರಿನಲ್ಲಿ ಓಡುತ್ತಿತ್ತು. ಕೂಡಲೇ ಇಂಟರ್‌ನೆಟ್ ಕೇಬಲ್ ಕಿತ್ತೆ.

ಆಮೇಲೆ ಡಿಜಿಟಲ್ ಸಹಿ, ಅಂದರೆ ಫೈಲ್ ಯಾರದು ಎಂದು ಸಾರುವ ತಯಾರಕರ ಮುದ್ರೆ. ಇಲ್ಲಿ ಅನುಭವಸ್ಥರೂ ಎಡವುವುದನ್ನು ಕಂಡಿದ್ದೇನೆ. ಪ್ರಾಪರ್ಟೀಸ್‌ನಲ್ಲಿ ಸಹಿಯ ಪುಟ ಕಾಣಲಿಲ್ಲ ಎಂದ ಮಾತ್ರಕ್ಕೆ ಫೈಲ್ ನಕಲಿಯಲ್ಲ. ವಿಂಡೋಸ್‌ನ ಎಷ್ಟೋ ಅಸಲಿ ಫೈಲ್‌ಗಳ ಸಹಿ ಫೈಲಿನೊಳಗೆ ಇರುವುದಿಲ್ಲ, ಕ್ಯಾಟಲಾಗ್ ಎಂಬ ಬೇರೆ ಫೈಲ್‌ನಲ್ಲಿರುತ್ತದೆ. ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋಸ್‌ನ ಸಲಕರಣೆ ಪವರ್‌ಶೆಲ್. ಅದರ ‘ಗೆಟ್ ಆಥೆಂಟಿಕೋಡ್ ಸಿಗ್ನೇಚರ್’ ಆಜ್ಞೆ ಆ ಕ್ಯಾಟಲಾಗನ್ನೂ ನೋಡಿ ಉತ್ತರ ಕೊಡುತ್ತದೆ. ನಿಜವಾದ ಎಲ್‌ಸಾಸ್‌ಗೆ ‘ವ್ಯಾಲಿಡ್’ ಎಂದು ಬಂತು, ಇದಕ್ಕೆ ‘ನಾಟ್ ಸೈನ್ಡ್’. ಸಹಿ ಇದ್ದರೂ ಪೂರ್ತಿ ನೆಮ್ಮದಿಯಿಂದ ಇರುವಂತಿಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಸಹಿಗಳನ್ನು ಹೊತ್ತು ಬಂದಿತ್ತು.

ಕೊನೆಗೆ ಫೈಲಿನ ಬೆರಳಚ್ಚು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್’ ಬಳಸಿ ಎಸ್‌ಎಚ್‌ಎ-256 ಹ್ಯಾಶ್ ತೆಗೆದೆ. ಅದು 64 ಅಕ್ಷರಗಳ ಸಾಲು, ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಯಂತ್ರಕ್ಕೆ ನೆಟ್ ಇರಲಿಲ್ಲ, ಅದಕ್ಕೆ ನನ್ನ ಪೆನ್‌ಡ್ರೈವ್ ಚುಚ್ಚಲು ನನಗೆ ಮನಸ್ಸಿರಲಿಲ್ಲ. ನಾನು ನಾಲ್ಕು ನಾಲ್ಕೇ ಅಕ್ಷರ ಓದಿದೆ, ಗುಮಾಸ್ತರು ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು. ಹದಿನಾರು ಗುಂಪು. ಸೊನ್ನೆಯಿಂದ ಒಂಬತ್ತು, ‘ಎ’ಯಿಂದ ‘ಎಫ್’ ಇಷ್ಟೇ ಬರುವುದರಿಂದ ‘ಐ’, ‘ಎಲ್’ ಗೊಂದಲ ಇಲ್ಲಿಲ್ಲ. ಬರೆದ ಮೇಲೆ ಅವರು, ತೂಕದ ಚೀಟಿ ತಾಳೆ ನೋಡುವ ರೂಢಿಯಂತೆ, ಮೊದಲಿನಿಂದ ಗಟ್ಟಿಯಾಗಿ ಓದಿ ಒಪ್ಪಿಸಿದರು.

ಅದನ್ನು ನನ್ನ ಮೊಬೈಲಿನಲ್ಲಿ ವೈರಸ್‌ಟೋಟಲ್‌ನ ಹುಡುಕು ಪೆಟ್ಟಿಗೆಗೆ ಹಾಕಿದೆ. ಹತ್ತಾರು ಆಂಟಿವೈರಸ್‌ಗಳ ತೀರ್ಪನ್ನು ಒಂದೇ ಕಡೆ ತೋರಿಸುವ ತಾಣ ಅದು. ನಾನು ಫೈಲನ್ನೇ ಏರಿಸುವುದು ಅಪರೂಪ, ಏರಿಸಿದ್ದು ಅಲ್ಲಿನ ಚಂದಾದಾರರ ಕೈಗೂ ಸಿಗುತ್ತದೆ. ಬೆಳೆಗಾರರ ಲೆಕ್ಕವಿರುವ ಯಂತ್ರದಿಂದ ಅಂಥ ಅಜಾಗರೂಕತೆ ಕೂಡದು. ಹ್ಯಾಶ್‌ನಿಂದ ಏನೂ ಸೋರುವುದಿಲ್ಲ. ಆ ತಾಣಕ್ಕೆ ಹ್ಯಾಶ್ ಗೊತ್ತೇ ಇಲ್ಲದಿದ್ದರೆ ಫೈಲ್ ಶುದ್ಧ ಎಂದೇನೂ ಅರ್ಥವಲ್ಲ. ನಮ್ಮದಕ್ಕೆ ಸಾಲು ಸಾಲಾಗಿ ಕೆಂಪು ಬಂತು.

ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಯಂತ್ರ ಆರಿ ಮತ್ತೆ ಚಾಲೂ ಆಗುವಾಗ, ವಿಂಡೋಸ್ ಏಳುವ ಮೊದಲೇ ಅದು ಹುಡುಕುತ್ತದೆ. ಸುಮಾರು ಕಾಲು ಗಂಟೆ ಬೇಕು, ನಡುವೆ ಕರೆಂಟ್ ಹೋದೀತೆಂಬ ಭಯಕ್ಕೆ ಯುಪಿಎಸ್ ಪಕ್ಕದಲ್ಲೇ ಕುಳಿತೆ. ಫೈಲ್ ಹೋಯಿತು. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಯಜಮಾನರ ಮೊಬೈಲಿನಿಂದ ಬದಲಿಸಿಕೊಂಡೆವು. ಪ್ರಿಂಟ್ ಹಾಕಿಸಲು ವಖಾರಿಯವರು ಹೊರಗೆ ಒಯ್ದಿದ್ದ ಪೆನ್‌ಡ್ರೈವ್‌ನಲ್ಲಿ ಅದೇ ಹ್ಯಾಶ್‌ನ ಫೈಲ್ ಸಿಕ್ಕಿತು.

ಹೊರಡುವಾಗ ಪವರ್‌ಶೆಲ್ ಆಜ್ಞೆಯನ್ನು ಗುಮಾಸ್ತರಿಗೆ ಬರೆದುಕೊಟ್ಟೆ. ಎರಡು ವಾರದ ಮೇಲೆ ಅವರ ಫೋನ್ ಬಂತು. “ಆಡಿಯೋಡಿಜಿ ಎಂದು ಒಂದು ಹೊಸದು ಕಂಡಿತು. ಸಿಸ್ಟಮ್32 ಒಳಗೇ ಇದೆ, ಸಹಿ ವ್ಯಾಲಿಡ್ ಎನ್ನುತ್ತಿದೆ. ಬಿಡಲೇ?”

ಬಿಡಿ, ಅದು ಧ್ವನಿಗೆ ಸಂಬಂಧಿಸಿದ ವಿಂಡೋಸ್ ಫೈಲ್ ಎಂದೆ.