ಟಿಪ್ಪರ್ ಎಣಿಸಬೇಡಿ, ತೆಗ್ಗು ಅಳೀರಿ

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಿನ ಸುಣ್ಣದಕಲ್ಲಿನ ಖಣಿಗಳಲ್ಲಿ ತಿಂಗಳ ಕೊನೆಗೆ ಟಿಪ್ಪರ್ ಲೆಕ್ಕ ಬರುತ್ತದೆ: ಇಷ್ಟು ಟ್ರಿಪ್, ಇಷ್ಟು ಬ್ರಾಸ್. ಒಂದು ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್. ಆದರೆ ಅದು ಸಡಿಲ ಮಾಲು. ನೆಲದಲ್ಲಿ 1 ಘನ ಮೀಟರ್ ಇದ್ದ ಕಲ್ಲು ಬ್ಲಾಸ್ಟ್ ಆದಮೇಲೆ ಸುಮಾರು ಒಂದೂವರೆ ಆಗುತ್ತದೆ. ಎರೆಮಣ್ಣು ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಟಿಪ್ಪರ್ ಲೆಕ್ಕ ತಾಳೆಗೆ ಮಾತ್ರ. ಬಿಲ್ಲಿಗೆ ನಾನು ಅಳೆಯುವುದು ತೆಗ್ಗನ್ನೇ.

ಬ್ಲಾಸ್ಟಿನ ಪೆಟ್ಟು ತಾಗದ ಕಡೆ ಮೂರು ಕಾಂಕ್ರೀಟ್ ಕಂಬ ಹೂಳಿರುತ್ತೇವೆ. ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಒಂದರ ಮೇಲೆ ನಿಲ್ಲಿಸಿ, ಇನ್ನೊಂದಕ್ಕೆ ದಿಕ್ಕು ಕಟ್ಟಿ, ಮೂರನೆಯದನ್ನು ಓದಿ ನೋಡುವುದು, ಮೊದಲೇ ಗೊತ್ತಿರುವ ಅಳತೆಗಿಂತ ವ್ಯತ್ಯಾಸ 2 ಸೆಂ.ಮೀ. ಮೀರಿದರೆ ಮತ್ತೆ ಸೆಟಪ್. ಪಾಯಿಂಟಿನ ಮೇಲೆ ಕೋಲಿನ ತುದಿಯಲ್ಲಿ ಹಿಡಿಯುವ ಕನ್ನಡಿಯಂಥ ಪ್ರಿಸಂನ ಎತ್ತರವನ್ನು 5 ಸೆಂ.ಮೀ. ತಪ್ಪು ಹೊಡೆದರೆ 10,000 ಚದರ ಮೀಟರ್ ತಳಕ್ಕೆ 500 ಘನ ಮೀಟರ್ ವ್ಯತ್ಯಾಸ.

ತಳದಲ್ಲಿ 5 ಮೀಟರಿಗೊಂದು ಪಾಯಿಂಟ್ ಸಾಕು. ಕಣ್ಣಿಡಬೇಕಾದದ್ದು ಬೆಂಚಿನ (ಖಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದ) ಮೇಲಂಚು ಮತ್ತು ಬುಡದ ಮೇಲೆ. ಅಂಚು ನೆಟ್ಟಗಿದ್ದಲ್ಲಿ 5 ಮೀಟರ್, ತಿರುವಿನಲ್ಲಿ 2 ಮೀಟರ್. ಎರಡನ್ನೂ ಬ್ರೇಕ್‌ಲೈನ್ (ತ್ರಿಕೋನ ದಾಟಬಾರದ ಗೆರೆ) ಆಗಿ ಜೋಡಿಸದಿದ್ದರೆ, ಪಾಯಿಂಟುಗಳನ್ನು ಕೂಡಿಸಿ ಮೇಲ್ಮೈ ಕಟ್ಟುವ ಸಾಫ್ಟ್‌ವೇರಿನ ತ್ರಿಕೋನಗಳು ಗೋಡೆಯನ್ನು ಅಡ್ಡ ಕತ್ತರಿಸಿ ಇಳಿಜಾರು ಮಾಡಿಬಿಡುತ್ತವೆ. 6 ಮೀಟರ್ ಎತ್ತರ, 100 ಮೀಟರ್ ಉದ್ದದ ಗೋಡೆಯ ಗೆರೆ 1 ಮೀಟರ್ ಸರಿದರೆ 600 ಘನ ಮೀಟರ್ ಹೋಯಿತು. ಬುಡಕ್ಕೆ ಮಾಲು ಬಿದ್ದಿದ್ದರೆ ಮೊದಲು ಹಿಟಾಚಿಯಿಂದ ತೆಗೆಸಿ. ರಾಶಿಯ ಮೇಲೆ ಪ್ರಿಸಂ ಇಟ್ಟರೆ ಆ ಕಲ್ಲು ಇನ್ನೂ ಅಗೆದೇ ಇಲ್ಲ ಎಂದು ಲೆಕ್ಕ ಬರುತ್ತದೆ.

ತಿಂಗಳ ಲೆಕ್ಕ ಎಂದರೆ ಹಿಂದಿನ ತಿಂಗಳ ಮೇಲ್ಮೈಗೂ ಈ ತಿಂಗಳ ಮೇಲ್ಮೈಗೂ ಇರುವ ವ್ಯತ್ಯಾಸ, ಎರಡಕ್ಕೂ ಅಳತೆಯ ಗಡಿ ಒಂದೇ ಇರಲಿ. ಅಗೆತ, ತುಂಬುವಿಕೆ ಬೇರೆ ಬೇರೆ ಓದಿ. ಖಣಿಯೊಳಗೇ ಗರಸು ಸುರಿದಿದ್ದರೆ ನಿವ್ವಳ ಅಂಕಿ ಅದನ್ನು ನುಂಗಿಹಾಕುತ್ತದೆ. ಮಳೆಗಾಲದ ಹೊಂಡವನ್ನು ಡ್ರೋನ್ ನೀರಿನ ಮಟ್ಟದವರೆಗೆ ಮಾತ್ರ ಕಾಣುತ್ತದೆ. ಪಂಪ್ ಹೊಡೆಸಿ, ಇಲ್ಲವೇ ಸ್ಟಾಫ್ (ಅಳತೆಗೋಲು) ಇಳಿಸಿ ಆಳ ತೆಗೆದುಕೊಳ್ಳಿ.

ಘನ ಮೀಟರಿನಿಂದ ಟನ್ನಿಗೆ ಹೋಗುವಾಗ ಪುಸ್ತಕದ ಸಾಂದ್ರತೆಯನ್ನು, ಅಂದರೆ ಘನ ಮೀಟರಿಗೆ 2.5 ಟನ್ ಎಂಬುದನ್ನು, ಕಣ್ಣುಮುಚ್ಚಿ ಗುಣಿಸುವವರೇ ಹೆಚ್ಚು. ನಮ್ಮ ಕಲ್ಲಿನ ಸಂದುಗಳಲ್ಲಿ ಮಣ್ಣು ತುಂಬಿರುತ್ತದೆ. ಬೆಂಚಿನ ಮೇಲೆ ಸುಮಾರು 1 ಮೀಟರ್ ಚೌಕದ ಗುಂಡಿ ತೋಡಿ, ಬಂದ ಮಾಲೆಲ್ಲ ತೂಗಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿನ ತನಕ ಅಳತೆಯ ನೀರು ತುಂಬಿ ನೋಡಿ. 940 ಲೀಟರ್ ಹಿಡಿದು 2,256 ಕೆ.ಜಿ. ಬಂದರೆ 2.4. ಮಾಲು ಹಸಿ ಇದ್ದರೆ ಸ್ವಲ್ಪ ತೆಗೆದು ಒಣಗಿಸಿ, ತೇವದ ತೂಕ ಕಳೆಯಿರಿ. ಗುಂಡಿ ಬೆಂಚಿಗೊಂದರಂತೆ ಬೇಕು, ಖಣಿಗೊಂದಲ್ಲ.